ಮಗಳ ಲೈನಿನ ಪ್ಯಾಂಟು

ಬಹ್ರೇನಿನ ಮನಾಮಾದ ಹಳೆ ಸೂಕ್ ಪೇಟೆಯಲ್ಲಿರುವ ಹುಸೈನಬ್ಬನ ಟೈಲರ್ ಅಂಗಡಿಗೆ ಆ ಆಗಸ್ಟಿನ ಮಧ್ಯಾಹ್ನ ಹರಿನಾಥ್ ಬಂದಾಗ ದೇವಮ್ಮನಿಗೆ ಮೊದಲು ಅವರ ಗುರುತು ಸಿಗಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೈ ಇಳಿದಿತ್ತು. ಬಿಸಿಲಲ್ಲಿ ನಡೆದು ಬಂದು ಏದುಸಿರು ಬಿಡುತ್ತಿದ್ದ ಆ ಮನುಷ್ಯನಿಗೆ ಸ್ಟೂಲ್ ಎಳೆದುಕೊಟ್ಟು, ಗಿರಾಕಿ ಇರಬೇಕೆಂದುಕೊಂಡು ಅವಳು ಮತ್ತೆ ಬ್ಲೌಸಿನ ಕತ್ತಿಗೆ ಪಟ್ಟಿ ಕೂರಿಸತೊಡಗಿದಳು.

"ದೇವಮ್ಮ, ಫ್ಯಾಕ್ಟರಿ ಮತ್ತೆ ಶುರು ಮಾಡ್ತಾ ಇದ್ದೀವಿ" ಅಂದರು ಅವರು.

ಆ ದನಿ ಕೇಳಿದ್ದೇ ಅವಳು ಮೆಷಿನ್ ನಿಲ್ಲಿಸಿ ಎದ್ದು ನಿಂತಳು.

ದೇವಮ್ಮ ಮದ್ದೂರು ಕಡೆಯವಳು. ಕಾಮಾಲೆಯಾಗಿ ಗಂಡ ತೀರಿಕೊಂಡ ಮೇಲೆ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸ ಕಲಿತವಳು. ಬಹ್ರೇನ್‌ನಲ್ಲಿ ಹೊಲಿಗೆಯವರು ಬೇಕಾಗಿದ್ದಾರೆ ಎಂದು ಏಜೆಂಟ್ ಒಬ್ಬ ಹೇಳಿದಾಗ ಮಗಳು ಶ್ರೀಜಾ ಮೂರನೇ ಕ್ಲಾಸಿನಲ್ಲಿದ್ದಳು. ಮಗುವನ್ನು ತಾಯಿಯ ಹತ್ತಿರ ಬಿಟ್ಟು ಹೊರಟುಬಂದಳು. ಅದು ಇರಾಕ್ ಯುದ್ಧದ ಕಾಲ. ಕೊಲ್ಲಿಯ ದೇಶಗಳನ್ನು ವ್ಯಾಪಾರದ ನಂಟಿನಿಂದಲೂ ಹತ್ತಿರ ಇಟ್ಟುಕೊಳ್ಳಬೇಕೆಂದು ಅಮೆರಿಕ ಬಯಸಿತ್ತು. ಬಹ್ರೇನ್ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಬಟ್ಟೆ ಎಲ್ಲಿಂದಲೇ ಬರಲಿ, ಇಲ್ಲಿ ಹೊಲಿದು ಕಳಿಸಿದರೆ ಅಮೆರಿಕದಲ್ಲಿ ಸುಂಕವಿಲ್ಲ ಎಂಬ ರಿಯಾಯಿತಿ ಅದರಲ್ಲಿತ್ತು. ಸಿತ್ರಾದ ಕೈಗಾರಿಕಾ ಪ್ರದೇಶದಲ್ಲಿ ಹೊಲಿಗೆ ಫ್ಯಾಕ್ಟರಿಗಳು ಹಗಲೂ ರಾತ್ರಿ ಓಡಿದವು. ಆಂಧ್ರ, ಬಾಂಗ್ಲಾ, ಲಂಕಾದ ಹೆಂಗಸರ ನಡುವೆ ಕೂತು ದೇವಮ್ಮ ತಾನು ಎಂದೂ ಕಾಣದ ಅಂಗಡಿಗಳಿಗೆ, ತಾನು ಎಂದೂ ಕಾಣದ ಗಂಡಸರಿಗೆ ಪ್ಯಾಂಟು ಹೊಲಿದಳು. ಹೊಲಿಯುತ್ತಲೇ ಹಿಂದಿ ಕಲಿತಳು, ಒಂದು ಲೈನಿನ, ಅಂದರೆ ಒಂದು ಸಾಲು ಮೆಷಿನ್‌ಗಳ, ಸೂಪರ್‌ವೈಸರ್ ಆದಳು. ಊರಲ್ಲಿ ಶ್ರೀಜಾ ದೊಡ್ಡವಳಾದದ್ದನ್ನು ಅವಳು ಕಂಡದ್ದು ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ.

ಹತ್ತು ವರ್ಷಕ್ಕೆ ಆ ರಿಯಾಯಿತಿಯ ಅವಧಿ ಮುಗಿಯಿತು. ಅಮೆರಿಕ ಅದನ್ನು ಮುಂದುವರಿಸಲಿಲ್ಲ. ಹರಿನಾಥ್ ಆಗ ಫ್ಯಾಕ್ಟರಿಯ ಮ್ಯಾನೇಜರ್. ಕ್ಯಾಂಟೀನಿನಲ್ಲಿ ಎಲ್ಲರನ್ನೂ ಸೇರಿಸಿ ವಿಷಯ ಹೇಳಿದವರು ಅವರೇ. ಹೆಂಗಸರು ಸೂಟ್‌ಕೇಸು ಕಟ್ಟಿಕೊಂಡು ಗುಂಪುಗುಂಪಾಗಿ ವಿಮಾನ ಹತ್ತಿದರು. ಶ್ರೀಜಾಳ ಮದುವೆ ಬಾಕಿ ಇದ್ದದ್ದರಿಂದ ದೇವಮ್ಮ ಹೋಗಲಿಲ್ಲ. ಫ್ಯಾಕ್ಟರಿಯ ಹಾಸ್ಟೆಲಿನ ಹೆಂಗಸರಿಗೆ ನೂಲು, ಗುಂಡಿ ಮಾರಲು ಬರುತ್ತಿದ್ದ ಹುಸೈನಬ್ಬನನ್ನು ಕೇಳಿದಳು. ಅವನು ತನ್ನ ಅಂಗಡಿಗೆ ವೀಸಾ ಬದಲಿಸಿಕೊಟ್ಟ. ಅಂದಿನಿಂದ ಇಂಡಿಯಾದ ಹೆಂಗಸರ ಬ್ಲೌಸು, ಚೂಡಿದಾರ ಎಲ್ಲ ಅವಳದೇ ಕೆಲಸ. ಮಲಗುವುದು ಅಂಗಡಿಯ ಮೇಲಿನ ಮನೆಯಲ್ಲಿ, ಹುಸೈನಬ್ಬನ ಹೆಂಡತಿ ಬೀಫಾತಿಮಾಳ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ.

"ಮತ್ತೆ ಶುರುವಾ? ಅಮೆರಿಕದವ್ರು ಮತ್ತೆ ಬಿಟ್ಟವ್ರಾ ಸಾರ್ ಸುಂಕನಾ?" ದೇವಮ್ಮ ಕೇಳಿದಳು.

"ಬಿಟ್ಟಿಲ್ಲ. ಎಲ್ಲರಿಗೂ ಹಾಕಿದ್ದಾರೆ. ಆದರೆ ಬಹ್ರೇನಿಗೆ ಹತ್ತು ಪರ್ಸೆಂಟ್, ಇಂಡಿಯಾಕ್ಕೆ ಐವತ್ತು. ರಷ್ಯಾದಿಂದ ಎಣ್ಣೆ ತಗೊಳ್ತಾರೆ ಅಂತ ಸಿಟ್ಟು. ಅಮೆರಿಕದ ಬೈಯರ್‌ಗಳು ಇಂಡಿಯಾ ಬಿಟ್ಟು ಬೇರೆ ಕಡೆ ಹುಡುಕ್ತಾ ಇದ್ದಾರೆ. ನಮ್ಮ ಮೆಷಿನ್‌ಗಳು ಧೂಳು ತಿಂತಾ ಬಿದ್ದಿದ್ವಲ್ಲ, ಯಜಮಾನರು ಈಗ ತೆಗೆಸ್ತಾ ಇದ್ದಾರೆ. ಲೈನ್ ಕಟ್ಟೋಕೆ ಗೊತ್ತಿರೋರು ಬೇಕು. ನಂಗೆ ಮೊದಲು ನೆನಪಾಗಿದ್ದು ನೀವೇ."

ಹುಸೈನಬ್ಬ ಕತ್ತರಿ ಕೆಳಗಿಟ್ಟ. "ಹೋಗಿ ದೇವಮ್ಮ. ಇಲ್ಲಿ ನೀವು ಮುದುಕಿಯಾಗುವ ತನಕ ಬ್ಲೌಸ್ ಹೊಲಿಯುವುದೇ. ಅಲ್ಲಿ ನಿಮಗೊಂದು ಸ್ಥಾನ ಉಂಟು."

ಅವಳು ಹೋದಳು. ಬೀಗ ಹಾಕಿದ್ದ ಶೆಡ್ಡು ತೆರೆದಾಗ ಪಾರಿವಾಳಗಳು ಹಾರಿಹೋದವು. ಮೆಷಿನ್‌ಗಳ ಮೇಲೆ ಮರಳು ಕೂತಿತ್ತು. ಹೊಸದಾಗಿ ಬಂದ ನೇಪಾಳದ, ಬಾಂಗ್ಲಾದ ಹುಡುಗಿಯರಿಗೆ ಹೊಲಿಗೆಯ ಒಂದೊಂದು ಹಂತ ಹೇಳಿಕೊಡುತ್ತ, ಸೊಂಟಪಟ್ಟಿ ಎಲ್ಲಿ ಸುಕ್ಕಾಗುತ್ತದೆ, ಜಿಪ್ಪು ಎಲ್ಲಿ ಕಚ್ಚುತ್ತದೆ ಎಂದು ತೋರಿಸುತ್ತ ದೇವಮ್ಮನಿಗೆ ಮೈಯಲ್ಲಿ ಹಳೆಯ ಕಸುವು ಬಂದಂತಾಯಿತು. ದಸರಾ ಹೊತ್ತಿಗೆ ಮೊದಲ ಆರ್ಡರು ಲೈನಿಗೆ ಇಳಿಯಿತು. ಖಾಕಿ ಬಣ್ಣದ ಪ್ಯಾಂಟು. ಪಕ್ಕದ ಜೇಬಿನ ಬಾಯಿಗೆ ಓರೆಯಾಗಿ ಎರಡು ಸಾಲು ಹೊಲಿಗೆ, ಮೂಲೆಯಲ್ಲಿ ಸಣ್ಣದೊಂದು ಕಿತ್ತಳೆ ಬಣ್ಣದ ಗಂಟು.

ಆ ಶುಕ್ರವಾರ ರಜೆ. ಆದರೂ ಪ್ಯಾಕಿಂಗಿನ ಕೆಲಸಕ್ಕೆ ಫ್ಯಾಕ್ಟರಿಗೆ ಹೋಗಿದ್ದ ದೇವಮ್ಮ ಸಂಜೆ ಅಲ್ಲಿಂದಲೇ ಮಗಳಿಗೆ ವಿಡಿಯೋ ಕರೆ ಮಾಡಿದಳು. ಶ್ರೀಜಾ ಕೂಡ ಮದ್ದೂರಿನ ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದಳು. ಗಂಡ ಟೆಂಪೋ ಓಡಿಸುತ್ತಿದ್ದ, ಇಬ್ಬರ ದುಡಿಮೆಯಲ್ಲಿ ಮನೆ ನಡೆಯುತ್ತಿತ್ತು. ಎರಡು ವರ್ಷದ ಮಗಳಿದ್ದಳು.

"ನೋಡವ್ವ, ನಮ್ ಲೈನು!" ದೇವಮ್ಮ ಹೆಮ್ಮೆಯಿಂದ ಫೋನು ತಿರುಗಿಸಿ, ಸಾಲಾಗಿ ತೂಗುಹಾಕಿದ್ದ ಪ್ಯಾಂಟುಗಳನ್ನು ತೋರಿಸಿದಳು. ಒಂದನ್ನು ಕೈಗೆತ್ತಿಕೊಂಡು ಜೇಬು ಬಿಡಿಸಿದಳು. "ಎಂಗೈತೆ ಕೈಕೆಲ್ಸ?"

ಶ್ರೀಜಾ ಫೋನು ಕಣ್ಣಿನ ಹತ್ತಿರಕ್ಕೆ ತಂದುಕೊಂಡಳು. "ಇನ್ನೊಂದ್ ಸಲ ತೋರ್ಸು. ಆ ಜೇಬು."

ದೇವಮ್ಮ ತೋರಿಸಿದಳು.

"ಅವ್ವ, ಇದು ನಮ್ ಸ್ಟೈಲು."

"ಏನಂದೆ?"

"ನಮ್ ಫ್ಯಾಕ್ಟರಿದು. ಯುಗಾದಿಯಿಂದ ಇದ್ನೇ ಹೊಲೀತಿದ್ವಿ. ಆ ಜೇಬಿನ ಬಾಯಿ ಹೊಲೀತಿದ್ದೋಳು ನಾನೇ. ಆ ಕಿತ್ಲೆ ಗಂಟು ಸರಿಯಾಗಿ ಕೂರಲ್ಲ ಅಂತ ದಿನಾ ಬೈಸ್ಕೋತಿದ್ದೆ." ಶ್ರೀಜಾಳ ದನಿ ಸಣ್ಣಗಾಗಿತ್ತು. "ಹೋದ್ ತಿಂಗ್ಳು ಆರ್ಡರ್ ನಿಂತೋಯ್ತು. ಬೈಯರ್ ಬೇರೆ ದೇಶಕ್ಕೆ ಕೊಟ್ಟವ್ರೆ ಅಂದ್ರು. ಯಾವ್ ದೇಶ ಅಂತ ನಮ್ಗೆ ಹೇಳ್ನಿಲ್ಲ."

ಅಷ್ಟರಲ್ಲಿ ಮಗು ಅತ್ತ ಸದ್ದು ಕೇಳಿತು. ಶ್ರೀಜಾ "ಆಮೇಲ್ ಮಾತಾಡ್ತೀನಿ" ಎಂದು ಫೋನಿಟ್ಟಳು. ಆಮೇಲೆ ಅವಳು ಮಾತಾಡಲಿಲ್ಲ.

ದೀಪಾವಳಿ ಕಳೆದ ವಾರ ಮದ್ದೂರಿನ ಫ್ಯಾಕ್ಟರಿ ಒಂದು ಪಾಳಿಯನ್ನು ನಿಲ್ಲಿಸಿತು. ಮತ್ತೊಂದು ವಾರಕ್ಕೆ ಗೇಟಿಗೇ ಬೀಗ ಬಿತ್ತು. ದೇವಮ್ಮನಿಗೆ ಈ ಸುದ್ದಿ ಹೇಳಿದವನು ಅಳಿಯ. ಅವಳು ಮಗಳಿಗೆ ಮತ್ತೆ ಮತ್ತೆ ಕರೆ ಮಾಡಿದಳು. ಕೊನೆಗೊಮ್ಮೆ ಶ್ರೀಜಾ ಎತ್ತಿಕೊಂಡಳು.

"ನನ್ ಮೇಲ್ ಸಿಟ್ಟಾ ಮಗಾ?"

"ನಿನ್ ಮೇಲ್ ಯಾಕ್ ಸಿಟ್ಟು. ನೀನ್ ಹೊಲೀದಿದ್ರೆ ಇನ್ಯಾರೋ ಹೊಲೀತಿದ್ರು. ಗೊತ್ತು ನಂಗೆ." ಅವಳೇ ಮುಂದುವರಿಸಿದಳು: "ಆದ್ರೂ ನೀನೇ ಯಾಕಾಗ್ಬೇಕಿತ್ತು ಅನ್ಸುತ್ತೆ. ಜೊತೇಲಿ ಕೆಲ್ಸ ಮಾಡೋರು ಕೇಳಿದ್ರೆ ಏನ್ ಹೇಳ್ಲಿ? ನಮ್ ಅನ್ನ ನಮ್ಮವ್ವನ ತಟ್ಟೆಗೇ ಹೋಯ್ತು ಅನ್ಲಾ?"

ಆ ಸಂಜೆ ದೇವಮ್ಮ ಹಾಸ್ಟೆಲಿಗೆ ಹೋಗದೆ ಬಸ್ಸು ಹಿಡಿದು ಮನಾಮಾಕ್ಕೆ ಬಂದಳು. ಬೀಫಾತಿಮಾ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ದೇವಮ್ಮ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಹೇಳಿ ಮುಗಿಸುವ ಹೊತ್ತಿಗೆ ಸೆರಗು ಒದ್ದೆಯಾಗಿತ್ತು.

ಬೀಫಾತಿಮಾ ಒಲೆ ಆರಿಸಿ ಪಕ್ಕದಲ್ಲಿ ಬಂದು ಕೂತಳು. "ನನ್ನ ತಮ್ಮ ರಿಯಾಝ್‌ನ ಕತೆ ನಿಂಗೆ ಗೊತ್ತುಂಟಲ್ಲ. ಕುವೈತಿನಿಂದ ಬಾಗ್ದಾದಿಗೆ ಅಮೆರಿಕದವರ ಲಾರಿ ಓಡಿಸಿದ. ಅಡುಗೆ ಸಾಮಾನು, ನೀರಿನ ಬಾಟ್ಲಿ, ಅಷ್ಟೇ. ದಾರಿಯಲ್ಲಿ ಬಾಂಬು ಬಿತ್ತು. ಜೀವ ಉಳಿಯಿತು, ಎರಡು ಕಿವಿಯೂ ಹೋಯಿತು. ಊರಲ್ಲಿ ಕೆಲವರು, ಆ ಸೈನ್ಯಕ್ಕೆ ಯಾಕೆ ದುಡಿದದ್ದು, ಹಾಗೇ ಆಗಬೇಕು ಅಂದ್ರು. ಹೆತ್ತ ಉಮ್ಮನ ಎದುರೇ ಅಂದ್ರು. ಅವನಿಗೆ ಕೇಳಿಸಲಿಲ್ಲ, ಅಲ್ಹಮ್ದುಲಿಲ್ಲಾ." ಅವಳು ದೇವಮ್ಮನ ಕೈ ಹಿಡಿದುಕೊಂಡಳು. "ಅವ ಸದ್ದಾಮನ ಮೇಲೆ ಯುದ್ಧಕ್ಕೆ ಹೋದದ್ದಾ? ಇಲ್ಲ. ತಂಗಿಯಂದಿರ ಮದುವೆ ಮಾಡ್ಲಿಕ್ಕೆ ಹೋದದ್ದು. ನೀನೂ ಹಾಗೇ. ದೊಡ್ಡವರು ಅಲ್ಲಿ ಕೂತು ಬಾಗಿಲು ತೆರೀತಾರೆ, ಮುಚ್ತಾರೆ. ಬೆರಳು ಸಿಕ್ಕಿಹಾಕಿಕೊಳ್ಳುವುದು ನಮ್ಮಂಥವರದ್ದು. ಮಗಳ ಹತ್ರ ಮಾತು ಬಿಡ್ಬೇಡ ಮಾರಾಯ್ತಿ. ಅವಳು ಬೈದರೂ ಫೋನ್ ಮಾಡು."

ಮರುದಿನ ಬೆಳಿಗ್ಗೆ ದೇವಮ್ಮ ಹರಿನಾಥರ ಆಫೀಸಿಗೆ ಹೋದಳು. ಇನ್ನೊಂದು ಲೈನಿಗೆ ಜನ ಬೇಕೆಂದು ಅವರು ಹೇಳುತ್ತಲೇ ಇದ್ದರು.

"ಮದ್ದೂರಲ್ಲಿ ಇದೇ ಸ್ಟೈಲು ಹೊಲೀತಿದ್ದ ಹೆಣ್ಮಕ್ಳು ಕೆಲ್ಸ ಇಲ್ದೆ ಕೂತವ್ರೆ ಸಾರ್. ಕಲ್ಸೋ ತಾಪತ್ರಯನೂ ಇಲ್ಲ. ಅವ್ರನ್ನ ಕರುಸ್ಕೊಳಿ. ನನ್ ಮಗ್ಳೂ ಅವ್ಳೆ."

ಹರಿನಾಥ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆರ್ಡರು ಎಲ್ಲಿಂದ ಬಂದದ್ದೆಂದು ಅವರಿಗೆ ಮೊದಲೇ ಗೊತ್ತಿತ್ತು. ಅವಳ ಮಗಳು ಅಲ್ಲಿದ್ದದ್ದು ಮಾತ್ರ ಗೊತ್ತಿರಲಿಲ್ಲ. "ಕರೆಸ್ತೀನಿ" ಎಂದಷ್ಟೇ ಅಂದರು.

ಆ ಖುಷಿಯಲ್ಲಿ ದೇವಮ್ಮ ಮೆಟ್ಟಿಲ ಮೇಲೇ ನಿಂತು ಮಗಳಿಗೆ ಕರೆ ಮಾಡಿದಳು. ಒಂದೇ ಹಾಸ್ಟೆಲು, ಒಂದೇ ಲೈನು, ತಾಯಿ ಮಗಳು ಒಟ್ಟಿಗೆ ಎಂದೆಲ್ಲ ಹೇಳುತ್ತ ಹೋದಳು. ಶ್ರೀಜಾ ಪೂರ್ತಿ ಕೇಳಿಸಿಕೊಂಡಳು.

"ಪಾಪು?"

"ನಿಮ್ಮತ್ತೆ ನೋಡ್ಕೋತಾರೆ. ಎರಡೇ ವರ್ಷ ಕಣವ್ವ."

"ನಂಗೂ ಎರಡೇ ವರ್ಷ ಅಂದಿದ್ದೆ ನೀನು." ಶ್ರೀಜಾ ಸಿಟ್ಟು ಮಾಡಿಕೊಳ್ಳಲಿಲ್ಲ, ಅಳಲೂ ಇಲ್ಲ. "ಸ್ಕೂಲ್ ಡೇ ದಿನ ಎಲ್ರ ಅವ್ವಂದ್ರೂ ಬರೋರು. ನಂಗೆ ಅಜ್ಜಿ ಬರೋದು. ಅಜ್ಜಿ ಒಳ್ಳೇದೇ, ಏನೂ ಕಮ್ಮಿ ಮಾಡ್ನಿಲ್ಲ. ಆದ್ರೂ ನಾನು ಗೇಟ್ ಕಡೆ ನೋಡ್ತಾನೇ ಇದ್ದೆ. ನೀನ್ ಮಾಡಿದ್ದು ತಪ್ಪು ಅಂತಲ್ಲವ್ವ. ನೀನ್ ದುಡೀದಿದ್ರೆ ನಾನ್ ಓದ್ತಿರ್ಲಿಲ್ಲ. ಆದ್ರೆ ನನ್ ಕೈಲಿ ಆಗಲ್ಲ. ನಾನ್ ಬರಲ್ಲ. ಬೇರೆಯೋರನ್ನ ಕರ್ಸು, ಕಷ್ಟದಲ್ಲಿ ಇರೋರು ಬಾಳ ಜನ ಅವ್ರೆ."

ದೇವಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಒಳಗೆ ಮೆಷಿನ್‌ಗಳ ಸದ್ದು. ಇಷ್ಟು ವರ್ಷ ಮಗಳು ಒಂದು ದಿನವೂ ಈ ಮಾತು ಆಡಿರಲಿಲ್ಲ. ಕಳಿಸಿದ ಬಟ್ಟೆ ಚೆನ್ನಾಗಿದೆ, ವಾಚು ಚೆನ್ನಾಗಿದೆ ಎಂದಷ್ಟೇ ಹೇಳುತ್ತಿದ್ದಳು.

ಮದ್ದೂರಿನಿಂದ ಆರು ಹೆಂಗಸರು ಡಿಸೆಂಬರಿನಲ್ಲಿ ಬಂದರು. ದೇವಮ್ಮನೇ ವಿಮಾನ ನಿಲ್ದಾಣಕ್ಕೆ ಹೋಗಿ ಕರೆತಂದಳು. ಸ್ವೆಟರು ಹಾಕಿಕೊಂಡು, ಉಪ್ಪಿನಕಾಯಿ ಡಬ್ಬಗಳನ್ನು ಅಪ್ಪಿಕೊಂಡು ಅವರು ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಅವರಲ್ಲಿ ಹಿರಿಯವಳು ಚೆನ್ನಾಜಮ್ಮ; ಶ್ರೀಜಾಳ ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದವಳು. ಬಸ್ಸಿನಲ್ಲಿ ಅವಳು ಹೇಳಿದಳು: "ನಮ್ ಆರೂ ಜನದ ಮನೆಗೆ ಬಂದು, ಧೈರ್ಯವಾಗ್ ಹೋಗಿ, ಅಲ್ಲಿ ನಮ್ಮವ್ವ ಅವ್ರೆ ಅಂದ್ಲು ನಿಮ್ ಮಗ್ಳು. ಅವ್ಳು ಹಂಗಂದಿದ್ಕೇ ನಮ್ಮನೇಲಿ ಕಳ್ಸಿದ್ದು."

ದೇವಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಸೇತುವೆಯ ಕೆಳಗೆ ಸಮುದ್ರ ಮಂಕಾಗಿತ್ತು.

ಆರು ಜನರೂ ಬೇಗ ಹೊಂದಿಕೊಂಡರು. ಹಾಸ್ಟೆಲಿನಲ್ಲಿ ಮುದ್ದೆ ಮಾಡಲು ಮನಾಮಾದಿಂದ ರಾಗಿಹಿಟ್ಟು ತರಿಸಿದರು. ಲೈನು ಚೆನ್ನಾಗಿ ಓಡುತ್ತಿತ್ತು. ಶ್ರೀಜಾ ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಮೊದಲು ಚೆನ್ನಾಜಮ್ಮನ ಜೊತೆ, ಆಮೇಲೆ ತಾಯಿಯ ಜೊತೆ ಮಾತಾಡುತ್ತಿದ್ದಳು. ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದೇನೆ, ಅತ್ತೆಗೆ ಮಂಡಿನೋವು ಎಂದೆಲ್ಲ ಹೇಳುತ್ತಿದ್ದಳು.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಸುದ್ದಿ ಬಂತು. ಅಮೆರಿಕ ಮತ್ತು ಇಂಡಿಯಾದ ನಡುವೆ ಮಾತುಕತೆ ಕುದುರಿದೆ, ಐವತ್ತು ಪರ್ಸೆಂಟ್ ಇದ್ದ ಸುಂಕ ಹದಿನೆಂಟಕ್ಕೆ ಇಳಿಯುತ್ತದೆ ಎಂದು. ಹಾಸ್ಟೆಲಿನಲ್ಲಿ ಎಲ್ಲರೂ ಒಂದೇ ಫೋನಿನ ಸುತ್ತ ಸೇರಿ ಅದನ್ನು ನೋಡಿದರು. ಒಬ್ಬಳು ಚಪ್ಪಾಳೆ ತಟ್ಟಿದಳು, ಮರುಗಳಿಗೆಯಲ್ಲೇ ನಿಲ್ಲಿಸಿದಳು. ಊರಿಗೆ ಒಳ್ಳೆಯದಾದರೆ ಇಲ್ಲಿ ತಮಗೇನಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಹರಿನಾಥ್ ದೇವಮ್ಮನನ್ನು ಕರೆಸಿದರು. ಅವರ ಮುಖ ನೋಡಿದ ಕೂಡಲೇ ಅವಳಿಗೆ ಕ್ಯಾಂಟೀನಿನ ಆ ಹಳೆಯ ದಿನ ಕಣ್ಣಿಗೆ ಕಟ್ಟಿತು.

"ಮುಂದಿನ ಸೀಸನ್ ಆರ್ಡರ್ ವಾಪಸ್ ಇಂಡಿಯಾಕ್ಕೆ ಹೋಗ್ತಾ ಇದೆ. ಸುಂಕ ಹದಿನೆಂಟಾದ್ರೂ ಅಲ್ಲಿ ಹೊಲಿಸೋದು ಅಗ್ಗ. ಬೈಯರ್ ಮೈಸೂರು ಕಡೆ ಒಂದು ದೊಡ್ಡ ಫ್ಯಾಕ್ಟರಿ ಹಿಡಿದಿದ್ದಾರೆ. ನಮಗೆ ಇಲ್ಲಿನ ಹೋಟೆಲ್‌ಗಳ, ಆಸ್ಪತ್ರೆಗಳ ಯೂನಿಫಾರ್ಮ್ ಕೆಲಸ ಸ್ವಲ್ಪ ಸಿಗುತ್ತೆ. ಒಂದು ಲೈನ್ ಉಳಿಸ್ಬಹುದು, ಎರಡು ಆಗಲ್ಲ." ಅವರು ಅವಳ ಕಣ್ಣು ತಪ್ಪಿಸಿದರು. "ಯಾರನ್ನ ಇಟ್ಕೊಬೇಕು, ಯಾರನ್ನ ಕಳಿಸ್ಬೇಕು, ನೀವೇ ಹೇಳಿ. ಕೊನೆಗೆ ಬಂದವರನ್ನ ಮೊದಲು ಕಳಿಸೋದು ಅಂತ ಯಜಮಾನರು ಹೇಳ್ತಾರೆ."

ಕೊನೆಗೆ ಬಂದವರು ಮದ್ದೂರಿನವರು. ಚಿನ್ನ ಅಡವಿಟ್ಟು ಬಂದವರು.

"ಯಾರ್ ಹೋಗ್ಬೇಕು ಅಂತ ನಾನ್ ಹೇಳಲ್ಲ ಸಾರ್. ಆ ಕೆಲ್ಸ ನನ್ ಕೈಲಿ ಮಾಡಿಸ್ಬೇಡಿ. ಮೊದ್ಲು ನನ್ ಹೆಸ್ರು ಬರ್ಕೊಳಿ. ಆಮೇಲೆ ಎಲ್ರನ್ನೂ ಕರ್ದು ನೀವೇ ಕೇಳಿ, ಯಾರಿಗ್ ಊರಿಗ್ ಹೋಗೋಕೆ ಮನ್ಸೈತೆ ಅಂತ. ಉಳ್ದೋರ್ಗೆ ಅರ್ಧ ಪಾಳಿ ಆದ್ರೂ ಕೊಡಿ, ಕಾಂಟ್ರಾಕ್ಟ್ ಮುಗಿಯೋ ತನಕ. ಅವ್ರನ್ನ ಕರುಸ್ಕೊಂಡೋರು ನಾವು."

"ನೀವು ಹೋದ್ರೆ ಲೈನ್ ನೋಡೋರು ಯಾರು?"

"ಚೆನ್ನಾಜಮ್ಮ ನೋಡ್ಕೋತಾಳೆ. ನನ್ಗಿಂತ ವಸಿ ಗಟ್ಟಿ ಬಾಯಿ."

ಇದು ತ್ಯಾಗವೇನಲ್ಲ. ಹಿಂದಿನ ವಾರವಷ್ಟೇ ಶ್ರೀಜಾ ಫೋನಿನಲ್ಲಿ, ಮೈಸೂರು ಕಡೆಯ ಆ ಫ್ಯಾಕ್ಟರಿಯವರು ಜನ ತೆಗೆದುಕೊಳ್ಳುತ್ತಿದ್ದಾರೆ, ವ್ಯಾನು ಕಳಿಸುತ್ತಾರೆ ಎಂದಿದ್ದಳು. "ಅತ್ತೆ ಕೈಲಿ ಪಾಪು ಹಿಂದೆ ಓಡೋಕಾಗಲ್ಲ. ನೀನಿದ್ದಿದ್ರೆ ಹೋಗ್ಬೋದಿತ್ತು" ಎಂದು ಮಾತಿನ ಮಧ್ಯೆ ಅಂದು, ಅಂದದ್ದಕ್ಕೆ ತಾನೇ ನಾಚಿಕೊಂಡವಳಂತೆ ಬೇರೆ ವಿಷಯ ತೆಗೆದಿದ್ದಳು. ಅದಕ್ಕೆ ಮೊದಲು ಎಂದಾದರೂ ಮಗಳು ತನ್ನನ್ನು ಏನನ್ನಾದರೂ ಕೇಳಿದ್ದು ದೇವಮ್ಮನಿಗೆ ನೆನಪಿರಲಿಲ್ಲ. ಆ ರಾತ್ರಿಯಿಂದ ಅವಳು ಅದನ್ನೇ ಯೋಚಿಸುತ್ತಿದ್ದಳು. ಹರಿನಾಥರ ಮುಂದೆ ಬಾಯಿಗೆ ಬಂದದ್ದು ಮೊದಲೇ ಮನಸ್ಸಿನಲ್ಲಿ ಮಾಗಿದ್ದ ಮಾತು.

ಹರಿನಾಥ್ ಯಜಮಾನರ ಹತ್ತಿರ ಹಟ ಹಿಡಿದರು. ನೇಪಾಳದ ಕೆಲವು ಹುಡುಗಿಯರು ತಾವಾಗಿಯೇ ಹೋಗಲು ಒಪ್ಪಿದರು. ಮದ್ದೂರಿನವರಲ್ಲಿ ಒಬ್ಬಳು, ಮಗನ ನೆನಪಿನಲ್ಲಿ ಊಟ ಬಿಟ್ಟಿದ್ದವಳು, ಹೊರಟಳು. ಉಳಿದ ಐವರಿಗೆ ಅರ್ಧ ಪಾಳಿಯ ಕೆಲಸ ಸಿಕ್ಕಿತು. ಅರ್ಧ ಪಾಳಿಯ ಸಂಬಳದಲ್ಲಿ ಅವರು ಇಲ್ಲಿಗೆ ಬಂದ ಖರ್ಚು ಎಂದಿಗೆ ಗಿಟ್ಟುತ್ತದೋ, ದೇವಮ್ಮನಿಗೂ ತಿಳಿಯದು. ದೇವಮ್ಮ ಹೊರಡುವಾಗ ಚೆನ್ನಾಜಮ್ಮ ಅವಳ ಕಾಲು ಮುಟ್ಟಲು ಬಗ್ಗಿದಳು. ದೇವಮ್ಮ ಹಿಡಿದು ಎತ್ತಿದಳು.

ಹುಸೈನಬ್ಬ ತನ್ನ ವ್ಯಾನಿನಲ್ಲೇ ವಿಮಾನ ನಿಲ್ದಾಣಕ್ಕೆ ಕರೆದೊಯ್ದ. ದಾರಿಯುದ್ದಕ್ಕೂ ಬೀಫಾತಿಮಾ ಗೊಣಗುತ್ತಿದ್ದಳು: "ಇನ್ನೇನು ರಂಝಾನಿನ ಉಪವಾಸ ಶುರು. ಪೆರ್ನಾಲ್ ಹಬ್ಬ ಮುಗಿಸಿ ಹೋಗಬಹುದಿತ್ತು. ನಂಗೆ ಬಟ್ಟೆ ಯಾರು ಹೊಲಿಯುವುದು ಈಗ?" ವಿಮಾನ ನಿಲ್ದಾಣಕ್ಕೆ ಮೊದಲು ಸಿಗುವ ಅರಾದ್ ದಾಟುವಾಗ ಅವಳ ಗೊಣಗಾಟ ನಿಂತಿತು. ಇಬ್ಬರೂ ಕೈ ಹಿಡಿದುಕೊಂಡು ಕೂತರು.

"ಇನ್ನು ಬರ್ತೀರಾ?" ಹುಸೈನಬ್ಬ ಸೂಟ್‌ಕೇಸು ಇಳಿಸುತ್ತ ಕೇಳಿದ.

"ಇಲ್ಲ ಹುಸೈನಣ್ಣ. ಇನ್ ಬರಲ್ಲ."

ಮದ್ದೂರಿನ ಮನೆಗೆ ಬಂದು ವಾರ ಕಳೆದ ಮೇಲೂ ಮೊಮ್ಮಗಳು ಅವಳ ಹತ್ತಿರ ಬರಲಿಲ್ಲ. ದೂರದಿಂದ ನೋಡುತ್ತಿತ್ತು, ಫೋನಿನ ಅಜ್ಜಿ ಫೋನಿನಿಂದ ಯಾಕೆ ಹೊರಬಂತು ಎನ್ನುವ ಹಾಗೆ. ದೇವಮ್ಮ ಬಲವಂತ ಮಾಡಲಿಲ್ಲ. ಶಿವರಾತ್ರಿಯ ಮುಂದಿನ ವಾರ ಶ್ರೀಜಾ ಹೊಸ ಕೆಲಸಕ್ಕೆ ಹೊರಟಳು. ಮುಂಜಾನೆ ವ್ಯಾನು ಬಂದಾಗ ಮಗು ಬಾಗಿಲು ಹಿಡಿದುಕೊಂಡು ಕಿರುಚಿ ಅತ್ತಿತು. ದೇವಮ್ಮ ಎತ್ತಿಕೊಂಡಳು. ಅದು ಅವಳ ಭುಜ ಕಚ್ಚಿತು, ಎದೆಗೆ ಗುದ್ದಿತು. ಅವಳು ಬಿಡಲಿಲ್ಲ. ಹಿತ್ತಿಲಿನಲ್ಲಿ ಕೋಳಿ ತೋರಿಸುತ್ತ, ಏನೇನೋ ಹೇಳುತ್ತ ಓಡಾಡಿದಳು. ಬಿಸಿಲು ಏರುವ ಹೊತ್ತಿಗೆ ಮಗು ಸುಸ್ತಾಗಿ ಅವಳ ತೋಳಿನಲ್ಲೇ ನಿದ್ದೆ ಹೋಯಿತು.

ಸಂಜೆ ಶ್ರೀಜಾ ಬಂದಳು. ಕಣ್ಣು ಕೆಂಪಗಾಗಿತ್ತು, ಕೂದಲಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು.

"ಏನ್ ಕೊಟ್ರು?" ದೇವಮ್ಮ ಕೇಳಿದಳು.

"ಅದೇ ಪ್ಯಾಂಟು. ಅದೇ ಜೇಬು." ಶ್ರೀಜಾ ನಕ್ಕಳು. ನಕ್ಕು, ಜಗಲಿಯ ಮೇಲೆ ತಾಯಿಯ ಪಕ್ಕದಲ್ಲಿ ಕೂತು ಕಾಲು ನೀಡಿದಳು. "ವ್ಯಾನಲ್ಲಿ ಹೇಳ್ತಿದ್ರು ಕಣವ್ವ, ಅಲ್ಲಿ ಅಮೆರಿಕದಲ್ಲಿ ಕೋರ್ಟು ಆ ಸುಂಕನೇ ತಪ್ಪು ಅಂದೈತಂತೆ. ಸರ್ಕಾರ ಇನ್ನೊಂದ್ ತರ ಹಾಕ್ತದಂತೆ. ಮುಂದ್ಕೆ ಆರ್ಡರ್ ಎಲ್ಲಿಗ್ ಹೋಯ್ತದೋ ಯಾರಿಗ್ ಗೊತ್ತು ಅಂತವ್ರೆ ಎಲ್ಲ."

ದೇವಮ್ಮ ಮಗಳ ಕೂದಲಿನಿಂದ ಎಳೆ ಬಿಡಿಸುತ್ತಿದ್ದಳು. ಮಗು ಅವಳ ಸೀರೆಯ ಅಂಚು ಹಿಡಿದು ನಿಂತು ಅಮ್ಮನನ್ನೇ ನೋಡುತ್ತಿತ್ತು.

"ಅದು ಗೊತ್ತಾದಾಗ ನೋಡ್ಕಳ್ಳಣ. ಏಳು, ಕೈಕಾಲ್ ತೊಳ್ಕೊ. ಸಾರು ಆರೋಯ್ತದೆ."

ಶ್ರೀಜಾ ಕೂಡಲೇ ಏಳಲಿಲ್ಲ. ತಾಯಿಯ ಭುಜಕ್ಕೆ ತಲೆಯಿಟ್ಟು ಇನ್ನೂ ತುಸು ಹೊತ್ತು ಹಾಗೇ ಕೂತಳು.